ಮುಪ್ಪಿಗೆ ಮುಪ್ಪೇ ಆಸರೆ: ಕನ್ನಡ ಕಥನದಲ್ಲಿ ಶುಶ್ರೂಷೆಯ ಚಿತ್ರ

ವೃದ್ಧಾಪ್ಯವನ್ನು ಕುರಿತ ಬರವಣಿಗೆ ಕನ್ನಡದಲ್ಲಿ ಕಡಿಮೆಯದೇನಲ್ಲ. ಮಕ್ಕಳ ಉಪೇಕ್ಷೆಗೆ ಗುರಿಯಾದ ತಂದೆತಾಯಿಗಳ ಕಣ್ಣೀರು ನಮ್ಮ ಕತೆ, ನಾಟಕ, ಚಲನಚಿತ್ರಗಳಲ್ಲಿ ಧಾರಾಳವಾಗಿ ಹರಿದಿದೆ. ಹೆತ್ತವರನ್ನು ಕಾವಡಿಯಲ್ಲಿ ಹೊತ್ತ ಶ್ರವಣಕುಮಾರನ ಕತೆಯನ್ನು ಶಾಲೆಯ ಮಕ್ಕಳೆಲ್ಲ ಬಲ್ಲರು. ಆದರೆ ಈ ಎಲ್ಲ ಚಿತ್ರಗಳಲ್ಲಿಯೂ ಸೇವೆ ಪಡೆಯುವವರು ಮುದುಕರು. ಸೇವೆ ಮಾಡುವವರು, ಅಥವಾ ಮಾಡದೆ ಓಡಿಹೋಗುವವರು, ತರುಣರು. ತನ್ನ ಮೊಣಕಾಲನ್ನೇ ಊರಿ ಏಳಬೇಕಾದ ವಯಸ್ಸಿನಲ್ಲಿ ಮತ್ತೊಬ್ಬರನ್ನು ಎತ್ತಿ ಕೂರಿಸಬೇಕಾದವರ ಪಾಡೇನು ಎಂಬ ಪ್ರಶ್ನೆಯನ್ನು ನಮ್ಮ ಸಾಹಿತ್ಯ ಎಷ್ಟರಮಟ್ಟಿಗೆ ಕೇಳಿದೆ? ಪ್ರಸ್ತುತ ಲೇಖನದ ವಿಷಯ ಇದು.

ಪ್ರಶ್ನೆ ಪುಸ್ತಕಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಚನ್ನಗಿರಿಯ ಅಡಿಕೆ ತೋಟದ ಮನೆಗಳಲ್ಲಿ, ಹೊನ್ನಾಳಿಯ ತುಂಗಭದ್ರಾ ದಂಡೆಯ ಭತ್ತದ ಊರುಗಳಲ್ಲಿ, ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಯಲ್ಲಿ, ಮಳೆಯನ್ನೇ ನಂಬಿದ ಜಗಳೂರು ಸೀಮೆಯ ಹಳ್ಳಿಗಳಲ್ಲಿ, ಭಕ್ತರ ಬಿನ್ನಹದ ಮೇರೆಗೆ ಹೋದಾಗಲೆಲ್ಲ ನಾವು ಕಾಣುವ ನೋಟ ಬಹುಮಟ್ಟಿಗೆ ಒಂದೇ. ಪಡಸಾಲೆಯ ಮೂಲೆಯಲ್ಲಿ ಒಂದು ಮಂಚ. ಮಂಚದ ಮೇಲೆ ತೊಂಬತ್ತರ ಅತ್ತೆ. ಅವರಿಗೆ ಚಮಚದಿಂದ ಗಂಜಿ ಕುಡಿಸುತ್ತಿರುವ ಸೊಸೆಗೆ ಅರವತ್ತೈದು. ಇನ್ನೊಂದು ಮನೆಯಲ್ಲಿ ಲಕ್ವ ಹೊಡೆದ ಹೆಂಡತಿಯ ತಲೆ ಬಾಚಲು ಕಲಿತ ಎಪ್ಪತ್ತೈದರ ಯಜಮಾನರು. ಮಕ್ಕಳು ಕೆಟ್ಟವರೇನಲ್ಲ. ಅವರು ಬೆಂಗಳೂರಿನಲ್ಲಿಯೋ ಪುಣೆಯಲ್ಲಿಯೋ ದುಡಿಯುತ್ತಾರೆ, ತಿಂಗಳಿಗಿಷ್ಟು ಹಣ ಕಳಿಸುತ್ತಾರೆ, ದಿನವೂ ಫೋನಿನಲ್ಲಿ ವಿಚಾರಿಸುತ್ತಾರೆ. ಆದರೆ ನಡುರಾತ್ರಿ ಹಾಸಿಗೆ ಒದ್ದೆಯಾದಾಗ ಏಳುವ ಕೈ ಊರಿನಲ್ಲಿರುವ ಮುದಿಕೈ. 2011ರ ಜನಗಣತಿಯಂತೆ ಅರವತ್ತು ದಾಟಿದವರ ಪ್ರಮಾಣ ದೇಶದಲ್ಲಿ ನೂರಕ್ಕೆ 8.6 ಇದ್ದರೆ ಕರ್ನಾಟಕದಲ್ಲಿ 9.5 ಇತ್ತು. ಆಯುಷ್ಯ ಬೆಳೆದಿದೆ, ಸಂಸಾರ ಚಿಕ್ಕದಾಗಿದೆ. ಈ ಎರಡೂ ಸೇರಿದಾಗ ಮುಪ್ಪನ್ನು ಮುಪ್ಪೇ ಸಾಕಬೇಕಾಗುವುದು ಅನಿವಾರ್ಯ.

ಇಂಥ ಮನೆಯವರು ತಮ್ಮ ಬದುಕನ್ನು ಗುರುತಿಸಿಕೊಳ್ಳಬಹುದಾದ ಕೃತಿಗಳು ಯಾವುವು ಎಂದು ಹುಡುಕಹೊರಟರೆ ಮೊದಲು ನೆನಪಿಗೆ ಬರುವುದು ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’. 1965ರಲ್ಲಿ ಪ್ರಕಟವಾದ ಈ ಕಾದಂಬರಿಯನ್ನು ಜಾತಿ, ಸಂಪ್ರದಾಯ, ಶವಸಂಸ್ಕಾರದ ಸಮಸ್ಯೆಗಳ ದೃಷ್ಟಿಯಿಂದ ವಿಮರ್ಶಕರು ಸಾಕಷ್ಟು ಚರ್ಚಿಸಿದ್ದಾರೆ. 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರು ಅದನ್ನು ತೆರೆಗೆ ತಂದು ರಾಷ್ಟ್ರಪತಿಗಳ ಸ್ವರ್ಣಪದಕ ಪಡೆದ ಮೇಲಂತೂ ಆ ಚರ್ಚೆ ಇನ್ನಷ್ಟು ಬೆಳೆಯಿತು. ಆದರೆ ಕಾದಂಬರಿ ಆರಂಭವಾಗುವುದು ಶವದಿಂದಲ್ಲ, ಶುಶ್ರೂಷೆಯಿಂದ ಎಂಬುದನ್ನು ಗಮನಿಸಿದವರು ವಿರಳ. ದೂರ್ವಾಸಪುರದ ಪ್ರಾಣೇಶಾಚಾರ್ಯರು ಹುಟ್ಟುರೋಗಿಯಾದ ಭಾಗೀರಥಿಯನ್ನು ತಿಳಿದೂ ತಿಳಿದೇ ಮದುವೆಯಾದವರು. ಆಕೆಗೆ ಸ್ನಾನ ಮಾಡಿಸುವುದು, ಸೀರೆ ಉಡಿಸುವುದು, ಗಂಜಿ ಕುಡಿಸುವುದು ಅವರ ಸುಮಾರು ಇಪ್ಪತ್ತು ವರ್ಷಗಳ ನಿತ್ಯವಿಧಿ. ಬೇರೊಂದು ಮದುವೆಯಾಗಿ ಎಂದು ಆಕೆಯೇ ಹೇಳಿದರೂ ಅವರು ನಕ್ಕು ಬಿಡುತ್ತಾರೆ.

ಹೊರನೋಟಕ್ಕೆ ಇದಕ್ಕಿಂತ ದೊಡ್ಡ ಸೇವೆ ಮತ್ತೊಂದಿಲ್ಲ. ಆದರೆ ಲೇಖಕರು ಮೊದಲ ಪುಟಗಳಲ್ಲಿಯೇ ಈ ಸೇವೆಯ ಒಳಗೆ ಒಂದು ಬಿರುಕನ್ನು ತೋರಿಸಿದ್ದಾರೆ. ಆಚಾರ್ಯರಿಗೆ ಹೆಂಡತಿಯ ರೋಗ ತಮ್ಮ ಮೋಕ್ಷದ ಮೆಟ್ಟಿಲು. ಆಕೆಯ ಸೇವೆಯಿಂದ ತಾವು ಹದಗೊಳ್ಳುತ್ತಿದ್ದೇವೆ ಎಂಬ ತೃಪ್ತಿ ಅವರಿಗಿದೆ. ಅಂದರೆ ಇಪ್ಪತ್ತು ವರ್ಷ ಅವರು ನೋಡಿದ್ದು ಭಾಗೀರಥಿಯನ್ನಲ್ಲ. ಆಕೆಯ ಹಾಸಿಗೆಯ ಪಕ್ಕದಲ್ಲಿ ನಿಂತ ತಮ್ಮನ್ನೇ. ಇದಕ್ಕೆ ಸಾಕ್ಷಿ ಕಾದಂಬರಿಯ ಮಧ್ಯಭಾಗದಲ್ಲಿದೆ. ಚಂದ್ರಿಯೊಡನೆ ಕಾಡಿನಲ್ಲಿ ಕಳೆದ ರಾತ್ರಿಯ ತರುವಾಯ ಮನೆಗೆ ಬಂದು ಹೆಂಡತಿಯನ್ನು ಮೀಯಿಸುವಾಗ ಆ ಬತ್ತಿದ ದೇಹದ ವಿಕಾರ ಅವರಿಗೆ ಮೊತ್ತಮೊದಲ ಬಾರಿಗೆ ಕಣ್ಣಿಗೆ ಬೀಳುತ್ತದೆ, ಅಸಹ್ಯವಾಗುತ್ತದೆ. ಓದುಗರು ಈ ಘಟ್ಟದಲ್ಲಿ ಆಚಾರ್ಯರ ಪತನವನ್ನು ಕಾಣುವುದು ವಾಡಿಕೆ. ನಮಗೆ ಕಾಣುವುದು ಬೇರೆ. ಇಪ್ಪತ್ತು ವರ್ಷದ ಸೇವೆಯಲ್ಲಿ ಮೊದಲ ಸಲ ಅಲ್ಲಿ ಇಬ್ಬರು ಮನುಷ್ಯರಿದ್ದಾರೆ. ಅಸಹ್ಯ ಕಹಿಯಾದದ್ದೇ ಸರಿ, ಆದರೆ ಅದು ನಿಜವಾದ ನೋಟದಿಂದ ಹುಟ್ಟಿದ್ದು. ರೋಗಿಯ ಮೈ ತೊಳೆಯುವವರೆಲ್ಲರಿಗೂ ಒಂದಲ್ಲ ಒಂದು ದಿನ ಹೇಸಿಗೆ ಬರುತ್ತದೆ, ಸಿಟ್ಟು ಬರುತ್ತದೆ. ಅದನ್ನು ದಾಟಿ ಮರುದಿನ ಮತ್ತೆ ಬಿಸಿನೀರು ಕಾಯಿಸುವವರ ಸೇವೆ, ಹೇಸಿಗೆಯನ್ನೇ ಅರಿಯದ ಆಚಾರ್ಯರ ಸೇವೆಗಿಂತ ಹೆಚ್ಚು ಬೆಲೆಯುಳ್ಳದ್ದು.

ಈ ಬಿರುಕನ್ನು ಕಂಡ ಲೇಖಕರು ತಾವೇ ಅದರೊಳಗೆ ಜಾರಿದ್ದಾರೆ ಎಂಬುದು ನಮ್ಮ ಆಕ್ಷೇಪ. ಭಾಗೀರಥಿಯ ಮನಸ್ಸಿನಲ್ಲಿ ಏನಿತ್ತು? ದಿನವೂ ಇನ್ನೊಬ್ಬರ ಕೈಯಿಂದ ಉಣ್ಣುವ, ಮೀಯುವ ಆಕೆಗೆ ಗಂಡನ ಧನ್ಯತಾಭಾವ ಕಂಡಿರಲಿಲ್ಲವೇ? ಕಾದಂಬರಿ ಇದನ್ನು ಕೇಳುವುದಿಲ್ಲ. ಪ್ಲೇಗು ಬರುತ್ತದೆ, ಆಕೆ ತೀರಿಕೊಳ್ಳುತ್ತಾಳೆ, ನಾಯಕನ ಅಲೆದಾಟಕ್ಕೆ ದಾರಿ ತೆರವಾಗುತ್ತದೆ. ಆಚಾರ್ಯರಿಗೆ ಆಕೆ ಮೋಕ್ಷದ ಸಾಧನವಾದರೆ ಕಾದಂಬರಿಗೆ ಕಥಾವಸ್ತುವಿನ ಸಾಧನ. ಮಹತ್ವದ ಕೃತಿಯೊಂದರಲ್ಲಿ ಉಳಿದುಹೋದ ಈ ಮೌನ ಸಣ್ಣದಲ್ಲ.

ಅದೇ 1965ರಲ್ಲಿ ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ವೂ ಹೊರಬಂದಿತು. ಎರಡು ಕೃತಿಗಳ ಮನೋಧರ್ಮ ಬೇರೆಬೇರೆ. ಆದರೆ ನಮ್ಮ ವಿಷಯಕ್ಕೆ ಎರಡನೆಯದು ಇನ್ನೊಂದು ಮಗ್ಗುಲನ್ನು ಒದಗಿಸುತ್ತದೆ. ಶ್ರೀನಿವಾಸ ಶ್ರೋತ್ರಿಗಳ ಒಬ್ಬನೇ ಮಗ ನಂಜುಂಡ ಕಪಿಲಾ ನದಿಯಲ್ಲಿ ಮುಳುಗಿ ಸಾಯುತ್ತಾನೆ. ಸೊಸೆ ಕಾತ್ಯಾಯನಿ ಮರುಮದುವೆಯಾಗಿ ಹೊರಡುತ್ತಾಳೆ. ಮೊಮ್ಮಗನನ್ನು ಸಾಕುವ ಹೊಣೆ ಇಳಿವಯಸ್ಸಿನ ದಂಪತಿಗಳ ಮೇಲೆ ಬೀಳುತ್ತದೆ. ದುಡಿಯಲು ಹೋದ ಮಕ್ಕಳು ಮೊಮ್ಮಕ್ಕಳನ್ನು ಊರಿನಲ್ಲಿ ಬಿಟ್ಟುಹೋದ ಮನೆಗಳನ್ನು ಬಲ್ಲ ಜಗಳೂರು ಸೀಮೆಯ ಓದುಗರಿಗೆ ಈ ಭಾಗ ಹೊಸದಾಗಿ ತೋರಲಾರದು. ಸಾಕುವುದರಿಂದ ಬರುವ ಫಲವನ್ನೂ ಈ ಕೃತಿ ಗುರುತಿಸಿದೆ. ಮಗನನ್ನು ಕಳೆದುಕೊಂಡ ಮನೆಗೆ ಮೊಮ್ಮಗನ ಹೆಜ್ಜೆಯ ಸದ್ದೇ ಬದುಕಲು ಕಾರಣವಾಗುತ್ತದೆ. ಬೆಳಗಾದರೆ ಏಳಲು ಒಂದು ನೆಪ, ಸಂಜೆಯಾದರೆ ಕಾಯಲು ಒಬ್ಬ ಹುಡುಗ. ಮುಪ್ಪಿನಲ್ಲಿ ಇದು ಸಣ್ಣ ಭಾಗ್ಯವಲ್ಲ.

ಆದರೆ ಇಲ್ಲಿಯೂ ಒಂದು ಮಾತು ಹೇಳಬೇಕಾಗಿದೆ. ಆ ಮನೆಯಲ್ಲಿ ತತ್ತ್ವ ಶ್ರೋತ್ರಿಗಳದು, ದುಡಿಮೆ ಭಾಗೀರಥಮ್ಮನದು ಮತ್ತು ಮನೆಯಾಳು ಲಕ್ಷ್ಮಿಯದು. ಸಹನೆ, ಸಂಯಮ, ಧರ್ಮಸೂಕ್ಷ್ಮಗಳ ಪುಟಗಳೆಲ್ಲ ಗಂಡಸಿಗೆ ಸಲ್ಲುತ್ತವೆ. ಮಗುವಿನ ಬಟ್ಟೆ ಒಗೆದ ಕೈಗಳಿಗೆ ಕಾದಂಬರಿಯಲ್ಲಿ ಜಾಗ ಸಂಕೋಚವಾಗಿದೆ. ‘ಸಂಸ್ಕಾರ’ದಲ್ಲಿಯೂ ಶುಶ್ರೂಷಕ ಗಂಡಸೇ. ನಮ್ಮ ಹಳ್ಳಿಗಳಲ್ಲಿ ಈ ಕೆಲಸದ ಬಹುಪಾಲನ್ನು ಹೊತ್ತವರು ಹೆಂಗಸರು ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಗಂಡಸು ಹೆಂಡತಿಯ ಸೇವೆ ಮಾಡಿದರೆ ಅದು ಕಾದಂಬರಿಯ ವಸ್ತುವಾಗುತ್ತದೆ. ಸೊಸೆ ಮೂವತ್ತು ವರ್ಷ ಅತ್ತೆಮಾವಂದಿರ ಸೇವೆ ಮಾಡಿದರೆ ಅದು ಮನೆಗೆಲಸವಾಗುತ್ತದೆ.

ಈ ದೃಷ್ಟಿಯಿಂದ ನೋಡಿದಾಗ ಶಿವರಾಮ ಕಾರಂತರ ಹಿರಿಮೆ ಎದ್ದು ಕಾಣುತ್ತದೆ. ‘ಮರಳಿ ಮಣ್ಣಿಗೆ’ಯಲ್ಲಿ ಐತಾಳರ ವಿಧವೆ ತಂಗಿ ಸರಸೋತಿಗೆ ತತ್ತ್ವವಿಲ್ಲ, ಉಪದೇಶವಿಲ್ಲ. ಅಣ್ಣನ ಮನೆಯ ದುಡಿಮೆಯನ್ನು ಹೊತ್ತು, ಅತ್ತಿಗೆಗೆ ಜೊತೆಯಾಗಿ, ಮುಂದೆ ನಾಗವೇಣಿಯ ಕಷ್ಟಕಾಲದಲ್ಲಿ ಆಕೆಯ ಬೆನ್ನಿಗೆ ನಿಂತ ಆ ಮುದುಕಿಯನ್ನು ಕಾರಂತರು ಹೊಗಳಲು ಹೋಗಿಲ್ಲ. ಆಕೆ ಮಾಡಿದ್ದನ್ನು ಮಾತ್ರ ಬರೆದಿದ್ದಾರೆ. ಹೊಗಳಿಕೆಗಿಂತ ದೊಡ್ಡ ಗೌರವ ಅದು.

1943ರಲ್ಲಿ ಬಂದ ‘ಬೆಟ್ಟದ ಜೀವ’ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಸುಬ್ರಹ್ಮಣ್ಯದ ಕಡೆಯ ಕಾಡಿನ ನಡುವೆ ತೋಟ ಎಬ್ಬಿಸಿ ಬದುಕಿದ ಗೋಪಾಲಯ್ಯ, ಶಂಕರಮ್ಮ ಎಂಬ ವೃದ್ಧ ದಂಪತಿಗಳು ಅದರ ಜೀವಾಳ. ಮಗ ಶಂಭು ಮನೆ ಬಿಟ್ಟುಹೋಗಿದ್ದಾನೆ. ಹತ್ತಿರದಲ್ಲಿರುವ ನಾರಾಯಣನೂ ಎಲ್ಲಿ ಬಿಟ್ಟುಹೋಗುವನೋ ಎಂಬ ಭಯ ಶಂಕರಮ್ಮನಿಗೆ. ಇಲ್ಲಿ ಹಾಸಿಗೆ ಹಿಡಿದ ರೋಗಿ ಯಾರೂ ಇಲ್ಲ. ಆದರೂ ಇದನ್ನು ನಾವು ಆರೈಕೆಯ ಕಾದಂಬರಿ ಎಂದೇ ಓದುತ್ತೇವೆ. ಹೆಂಡತಿಯ ಮನಸ್ಸಿನ ಗಾಯ ಗೋಪಾಲಯ್ಯನಿಗೆ ಗೊತ್ತು. ಅದೇ ಗಾಯ ತನಗೂ ಇದೆ ಎಂಬುದನ್ನು ಆತ ತೋರಗೊಡುವುದಿಲ್ಲ. ತಮಾಷೆ ಮಾಡುತ್ತಾನೆ, ಛೇಡಿಸುತ್ತಾನೆ, ಅತಿಥಿಯನ್ನು ಕರೆದುಕೊಂಡು ಗುಡ್ಡ ಹತ್ತುತ್ತಾನೆ. ಅವನ ನಗೆಯೆಲ್ಲ ಆಕೆಯ ದುಃಖಕ್ಕೆ ಹಾಕಿದ ಪಥ್ಯ. ಆಕೆಯ ಅಡುಗೆ, ಉಪಚಾರವೆಲ್ಲ ಅವನ ಮೌನಕ್ಕೆ ಹಾಕಿದ ಮದ್ದು. ಒಬ್ಬರ ಭಾರವನ್ನು ಇನ್ನೊಬ್ಬರು ಹೊರುವಾಗ ಹೊರುವವರು ಯಾರು, ಹೊರಿಸಿಕೊಂಡವರು ಯಾರು ಎಂದು ಬೇರ್ಪಡಿಸಲು ಬಾರದ ಸ್ಥಿತಿ ಅದು. ಮುದಿದಂಪತಿಗಳಿಗೆ ಮಾತ್ರ ದಕ್ಕುವ ಈ ಸುಖವನ್ನು ಕನ್ನಡದಲ್ಲಿ ಇಷ್ಟು ಹಿತವಾಗಿ ಬರೆದವರು ಮತ್ತೊಬ್ಬರಿಲ್ಲ. ಆದರೆ ಕತೆ ನಿಲ್ಲುವುದು ಇಬ್ಬರೂ ನಡೆದಾಡುತ್ತಿರುವಾಗ. ಒಬ್ಬರ ಕಾಲು ಸೋತ ಮೇಲಿನ ಗೋಪಾಲಯ್ಯನನ್ನು ನಾವು ಕಾಣೆವು.

ಆ ಮೇಲಿನ ಕಾಲವನ್ನು ತೋರಿಸಲು ಹೊರಟದ್ದು ಹೇಮಂತ್ ರಾವ್ ಅವರ 2016ರ ಚಲನಚಿತ್ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’. ಅಲ್ಜೈಮರ್ ಎಂಬ ಮರೆವಿನ ರೋಗಕ್ಕೆ ತುತ್ತಾದ ವೆಂಕೋಬ ರಾಯರ ಪಾತ್ರದಲ್ಲಿ ಅನಂತನಾಗ್ ಅವರ ಅಭಿನಯ ಮನಮುಟ್ಟುವಂಥದ್ದು. ಮಠದ ಪತ್ರಿಕೆಯಲ್ಲಿ ಚಿತ್ರದ ಮಾತೇಕೆ ಎಂದು ಕೆಲವರು ಕೇಳಬಹುದು. ನಮ್ಮ ದೇಶದಲ್ಲಿ ಅರವತ್ತು ದಾಟಿದವರ ಪೈಕಿ ನೂರಕ್ಕೆ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನ, ಇಂಥ ಮರೆವಿನ ಕಾಯಿಲೆಗಳಿಂದ ಬಳಲುತ್ತಿದ್ದಾರೆಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ‘ಅರಳುಮರಳು’ ಎಂಬ ಒಂದು ಮಾತಿನಲ್ಲಿ ಮುಗಿಸಿಬಿಡುತ್ತಿದ್ದುದನ್ನು ಕಾಯಿಲೆಯೆಂದು ಸಾಮಾನ್ಯ ಪ್ರೇಕ್ಷಕರಿಗೆ ತಿಳಿಸಿಕೊಟ್ಟದ್ದು ಈ ಚಿತ್ರದ ದೊಡ್ಡ ಉಪಕಾರ.

ಅದರ ಹೆಸರಿನಲ್ಲಿಯೇ ಒಂದು ಒಳ್ಳೆಯ ಟೀಕೆಯೂ ಅಡಗಿದೆ. ಕಳೆದುಹೋದ ತಂದೆಯ ಗುರುತು ಹೇಳಬೇಕಾದಾಗ ಮಗನಿಗೆ ಹೊಳೆಯುವುದು ಆ ನಾಲ್ಕು ಮಾತುಗಳು ಮಾತ್ರ. ಯಾರಿಗೆ ಬೇಕಾದರೂ ಅಂಟಿಸಬಹುದಾದ ವರ್ಣನೆ ಅದು. ಇದೇ ಪ್ರಶ್ನೆಯನ್ನು ನ್ಯಾಮತಿಯ ಯಾವುದೋ ಮನೆಯ ಮುದಿಸೊಸೆಗೆ ಕೇಳಿ ನೋಡಬೇಕು. ಮಾವ ಯಾವ ಮಗ್ಗುಲಿಗೆ ಮಲಗಿದರೆ ನಿದ್ದೆ ಬರುತ್ತದೆ, ಗಂಜಿಗೆ ಉಪ್ಪು ಎಷ್ಟಿರಬೇಕು, ಯಾವ ಹೊತ್ತಿಗೆ ತೀರಿಹೋದ ತಮ್ಮನ ಹೆಸರು ಹಿಡಿದು ಕೂಗುತ್ತಾರೆ, ಕೂಗಿದಾಗ ಏನು ಹೇಳಿದರೆ ಸಮಾಧಾನವಾಗುತ್ತದೆ, ಎಲ್ಲವನ್ನೂ ಆಕೆ ಬಲ್ಲಳು. ಒಬ್ಬ ಮನುಷ್ಯನನ್ನು ಇಷ್ಟು ಅರಿಯುವುದೇ ಆರೈಕೆಯಿಂದ ದೊರೆಯುವ ಫಲ. ಬೇರೆ ಯಾವ ಸಂಬಂಧದಲ್ಲಿಯೂ ಅದು ಸುಲಭವಾಗಿ ಸಿಗದು.

ಚಿತ್ರದ ಕೊರತೆಯೂ ಇಲ್ಲಿಯೇ ಇದೆ. ರಾಯರ ಹೆಂಡತಿ ಕತೆ ಆರಂಭವಾಗುವ ಮೊದಲೇ ತೀರಿಕೊಂಡಿದ್ದಾರೆ. ಆಕೆ ಬದುಕಿದ್ದರೆ ಮರೆವಿನ ಗಂಡನನ್ನು ನೋಡಿಕೊಳ್ಳುವ ಹೊರೆ ಆಕೆಯದಾಗುತ್ತಿತ್ತು, ಚಿತ್ರ ಬೇರೆಯೇ ಆಗುತ್ತಿತ್ತು. ವೃದ್ಧ ಶುಶ್ರೂಷಕಿಯನ್ನು ಕತೆಯಿಂದ ಮೊದಲೇ ತೆಗೆದುಬಿಟ್ಟು, ತಂದೆಯನ್ನು ಆರೈಕೆಯ ಸಂಸ್ಥೆಯಲ್ಲಿರಿಸಿ, ಮಗನ ಪಶ್ಚಾತ್ತಾಪದ ಹುಡುಕಾಟವನ್ನು ಚಿತ್ರ ಹಿಡಿಯುತ್ತದೆ. ಹುಡುಕಾಟದಲ್ಲಿ ವೇಗವಿದೆ, ಕಣ್ಣೀರಿದೆ. ಆದರೆ ಸಿಕ್ಕಿದ ಮೇಲೆ ದಿನವೂ ಉಣಿಸುವುದು, ಬಚ್ಚಲಿಗೆ ಕರೆದೊಯ್ಯುವುದು, ಅದೇ ಪ್ರಶ್ನೆಗೆ ಇಪ್ಪತ್ತನೆಯ ಸಲ ಉತ್ತರಿಸುವುದು, ಇವು ಕ್ಯಾಮರಾಕ್ಕೆ ಒಗ್ಗುವ ದೃಶ್ಯಗಳಲ್ಲ. ನಿಜವಾದ ಕತೆ ಅಲ್ಲಿಂದ ಆರಂಭವಾಗಬೇಕಾಗಿತ್ತು.

ಟಾಲ್‌ಸ್ಟಾಯ್ 1886ರಲ್ಲಿ ಪ್ರಕಟಿಸಿದ ‘ಇವಾನ್ ಇಲಿಚ್‌ನ ಮರಣ’ವನ್ನು ಇಲ್ಲಿ ಹೋಲಿಕೆಗಾಗಿ ನೆನೆಯಬಹುದು. ಸಾಯುತ್ತಿರುವ ನ್ಯಾಯಾಧೀಶನ ಕಾಲುಗಳನ್ನು ತನ್ನ ಹೆಗಲ ಮೇಲೆ ಇಟ್ಟುಕೊಂಡು ರಾತ್ರಿಯಿಡೀ ಕೂರುವವನು ಗೆರಾಸಿಮ್ ಎಂಬ ಹಳ್ಳಿಯ ಸೇವಕ. ಮನೆಯವರೆಲ್ಲ ರೋಗಿಯೆದುರು ಸುಳ್ಳಾಡುತ್ತಾರೆ, ಅವನೊಬ್ಬ ಸುಳ್ಳಾಡುವುದಿಲ್ಲ. ಎಲ್ಲರೂ ಒಂದು ದಿನ ಸಾಯುವವರೇ, ಹಾಗಿರುವಾಗ ಸ್ವಲ್ಪ ಶ್ರಮಪಟ್ಟರೇನು ಎಂಬುದು ಅವನ ಸರಳ ನಿಲುವು. ಪ್ರಾಣೇಶಾಚಾರ್ಯರಿಗೂ ಗೆರಾಸಿಮನಿಗೂ ಇರುವ ಅಂತರ ಇದು: ಮೊದಲಿನವರು ಸೇವೆಯಿಂದ ಏನನ್ನೋ ಗಳಿಸಹೊರಟವರು, ಎರಡನೆಯವನು ಮಾಡಿ ಮರೆತವನು. ಆದರೆ ಗೆರಾಸಿಮ್ ತರುಣ, ಗಟ್ಟಿಮುಟ್ಟಾದವನು. ಅವನಿಗೆ ಎಪ್ಪತ್ತಾಗಿದ್ದರೆ ಆ ಕಾಲುಗಳ ಭಾರ ಎಷ್ಟಿರುತ್ತಿತ್ತು ಎಂದು ಟಾಲ್‌ಸ್ಟಾಯ್ ಕೂಡ ಕೇಳಲಿಲ್ಲ.

ಸೇವೆಯಲ್ಲಿ ಅಡಗುವ ಅಹಂಕಾರದ ವಿಚಾರ ನಮ್ಮ ಓದುಗರಿಗೆ ಅಪರಿಚಿತವಲ್ಲ. ‘ಶೂನ್ಯಸಂಪಾದನೆ’ಯಲ್ಲಿ ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದು, ಕೆರೆ ಕಟ್ಟಿಸುವುದರಲ್ಲಿ ಮಗ್ನರಾದ ಸಿದ್ಧರಾಮರನ್ನು ಕೆಣಕುವ ಪ್ರಸಂಗ ಇದನ್ನೇ ಕುರಿತದ್ದು. ಆದರೆ ವೃದ್ಧ ಶುಶ್ರೂಷಕರ ಮಟ್ಟಿಗೆ ಅದಕ್ಕಿಂತ ಹತ್ತಿರದ ಪ್ರಸಂಗ ಆಯ್ದಕ್ಕಿ ಲಕ್ಕಮ್ಮನದು. ಗಂಡ ಮಾರಯ್ಯ ವಾಡಿಕೆಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬರಲು ಆಕೆ ಹೇಳಿದಳು. ಕಾಯಕಕ್ಕೂ ಒಂದು ಅಳತೆಯುಂಟು, ಅಳತೆ ಮೀರಿದ್ದು ಆಸೆ ಎಂಬುದು ಆ ಪ್ರಸಂಗದ ತಿರುಳು. ಅಕ್ಕಿಯ ಮಾತನ್ನು ಆರೈಕೆಗೂ ಅನ್ವಯಿಸಿ ನೋಡಬಹುದು. ಎಲ್ಲ ಸೇವೆಯನ್ನೂ ತಾನೊಬ್ಬಳೇ ಮಾಡುತ್ತೇನೆಂದು ಹಟ ಹಿಡಿಯುವ ಮುತ್ತೈದೆಯದೂ ಅಳತೆ ಮೀರಿದ ಸೇವೆ. ಎಲ್ಲವನ್ನೂ ಒಬ್ಬಳ ಮೇಲೆ ಹೊರಿಸಿ ಆಕೆಯನ್ನು ಸಾಧ್ವಿ ಎಂದು ಕೊಂಡಾಡುವ ಬಂಧುಗಳದೂ ಅಳತೆ ಮೀರಿದ ಆಸೆ.

ನಮ್ಮಂಥ ಪತ್ರಿಕೆಗಳಲ್ಲಿಯೂ ವೇದಿಕೆಗಳಲ್ಲಿಯೂ ಕೇಳಿಬರುವ ಹೊಗಳಿಕೆಯನ್ನು ಈ ಅಳತೆಯಿಂದ ಪರೀಕ್ಷಿಸಬೇಕಾಗಿದೆ. ಅತ್ತೆಮಾವಂದಿರ ಸೇವೆ ಮಾಡಿದವರಿಗೆ ಶಾಲು ಹೊದಿಸುತ್ತೇವೆ, ಮಾದರಿ ಎನ್ನುತ್ತೇವೆ. ಅದು ತಪ್ಪಲ್ಲ. ಆದರೆ ಮಾದರಿ ಎನಿಸಿಕೊಂಡವರು ಆಮೇಲೆ ದಣಿವಾಯಿತೆಂದು ಹೇಳಲಾರರು. ಸೊಂಟ ನೋಯುತ್ತದೆ, ವರ್ಷಗಳಿಂದ ನೆಟ್ಟಗೆ ನಿದ್ದೆಯಿಲ್ಲ, ತಮ್ಮ ಸಕ್ಕರೆ ಕಾಯಿಲೆಯ ಮಾತ್ರೆ ತರಿಸಲು ಮರೆತಿದ್ದಾರೆ, ತವರಿನ ಜಾತ್ರೆ ಕಂಡು ಎಷ್ಟೋ ಕಾಲವಾಯಿತು. ಒಂದು ಕೆಟ್ಟ ಗಳಿಗೆಯಲ್ಲಿ, ಇವರು ಬೇಗ ಹೋಗಬಾರದೇ ಎಂದು ಮನಸ್ಸು ಅಂದುಬಿಡುತ್ತದೆ. ಮರುಕ್ಷಣ ಆ ಯೋಚನೆಗಾಗಿ ತನ್ನನ್ನೇ ಶಪಿಸಿಕೊಳ್ಳುತ್ತದೆ. ಇದನ್ನು ಯಾರಲ್ಲಿ ಹೇಳಬೇಕು? ಹೊಗಳಿದವರಲ್ಲಿ ಹೇಳಲು ನಾಚಿಕೆ. ಹೀಗೆ ಹೊಗಳಿಕೆಯೂ ಮಂಚದ ಪಕ್ಕ ಇನ್ನೊಂದು ಹೊರೆಯಾಗಿ ಕೂರುತ್ತದೆ. ಪ್ರಾಣೇಶಾಚಾರ್ಯರ ದೋಷವನ್ನು ಗುರುತಿಸಿದ ನಾವು, ಅದೇ ಬಗೆಯ ನಿಷ್ಕಳಂಕ ಸೇವೆಯನ್ನು ನಮ್ಮ ಮನೆಯ ಹೆಣ್ಣುಮಕ್ಕಳಿಂದ ಬಯಸುವುದು ಸರಿಯೇ?

ಕಾನೂನು ಕೂಡ ನಮ್ಮ ಕಥನದ ಹಾದಿಯನ್ನೇ ಹಿಡಿದಿರುವುದು ಕುತೂಹಲಕರ. 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಅಧಿನಿಯಮದಲ್ಲಿ ಕಾಣುವ ಪಾತ್ರಗಳು ಎರಡೇ: ಕೈಬಿಟ್ಟ ಮಕ್ಕಳು, ಕೈಬಿಡಲ್ಪಟ್ಟ ಹಿರಿಯರು. ನ್ಯಾಯಮಂಡಳಿಯ ಮುಂದೆ ಅರ್ಜಿ ಕೊಟ್ಟರೆ ತಿಂಗಳಿಗೆ 10,000 ರೂಪಾಯಿ ಮೀರದಂತೆ ಜೀವನಾಂಶ ಕೊಡಿಸಬಹುದು. ಅಗತ್ಯವಾದ ಕಾನೂನೇ. ಆದರೆ ಅದರಲ್ಲಿ ‘ಮಕ್ಕಳು’ ಎಂಬುದರ ವ್ಯಾಖ್ಯೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು ಎಂದಿದೆ, ಸೊಸೆಯ ಹೆಸರಿಲ್ಲ. ಹೊಣೆಯಿಲ್ಲದಿರುವುದು ಆಕೆಗೆ ಅನುಕೂಲವೆಂದು ತೋರಬಹುದು. ಆದರೆ ಹೊಣೆಯಲ್ಲಿ ಕಾಣದವರು ನೆರವಿನಲ್ಲಿಯೂ ಕಾಣುವುದಿಲ್ಲ. ಕೈಬಿಡದೆ ನಿಂತು, ನಿಂತದ್ದರಿಂದಲೇ ಸೋಲುತ್ತಿರುವ ಮೂರನೆಯ ಪಾತ್ರವನ್ನು ಕಾದಂಬರಿಯೂ ಕಾಣಲಿಲ್ಲ, ಕಾನೂನೂ ಕಾಣಲಿಲ್ಲ.

ಹಾಗಾದರೆ ಮಾಡಬೇಕಾದುದೇನು? ವಿಮರ್ಶೆಯ ಕೆಲಸ ಉಪದೇಶವಲ್ಲವಾದರೂ ಎರಡು ಮಾತುಗಳನ್ನು ಹೇಳಿ ಮುಗಿಸುತ್ತೇವೆ. ನಮ್ಮ ವಿದ್ಯಾಸಂಸ್ಥೆಗಳಲ್ಲಿ ಓದಿ ಬೇರೆಬೇರೆ ಊರುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಬರೆಯಬಲ್ಲವರಿದ್ದಾರೆ. ಅವರ ಊರಿನ ಮನೆಯ ಪಡಸಾಲೆಯಲ್ಲಿಯೇ ಇನ್ನೂ ಯಾರೂ ಬರೆಯದ ಕಾದಂಬರಿ ನಡೆಯುತ್ತಿದೆ. ಅದರ ನಾಯಕಿ ಅರವತ್ತೈದರವಳು. ಅವಳಿಗೆ ಪ್ರೀತಿಯೂ ಇದೆ, ಹೇಸಿಗೆಯೂ ಇದೆ, ನಗೆಯೂ ಇದೆ, ಸಿಟ್ಟೂ ಇದೆ. ಅವಳನ್ನು ಸಾಧ್ವಿಯನ್ನಾಗಿಯೂ ಮಾಡದೆ, ಸಂತ್ರಸ್ತೆಯನ್ನಾಗಿಯೂ ಮಾಡದೆ, ಕಾರಂತರು ಸರಸೋತಿಯನ್ನು ಬರೆದಂತೆ ಬರೆಯಬೇಕು. ಮಂಚದ ಮೇಲಿರುವವರಿಗೂ ಅಲ್ಲಿ ಮಾತು ಇರಬೇಕು. ಭಾಗೀರಥಿಗೆ ದಕ್ಕದ ಮಾತು ಅವರಿಗಾದರೂ ದಕ್ಕಲಿ.

ಎರಡನೆಯದು ಬರೆಯಲಾರದವರಿಗೂ ಸಾಧ್ಯವಾದದ್ದು. ಹಬ್ಬಕ್ಕೆ ಊರಿಗೆ ಬಂದಾಗ ಮಂಚದ ಬಳಿ ನಿಂತು ನಮಸ್ಕರಿಸಿ ಹಣ್ಣು ಕೊಟ್ಟು ಹೋಗುವುದು ರೂಢಿ. ಅದರ ಬದಲು ಒಂದು ವಾರ ಅಡುಗೆಮನೆ, ಬಚ್ಚಲು, ರಾತ್ರಿಯ ಸರದಿ ಎಲ್ಲವನ್ನೂ ವಹಿಸಿಕೊಂಡು, ಆ ವಾರ ಅತ್ತಿಗೆಯನ್ನೋ ಅಮ್ಮನನ್ನೋ ತವರಿಗೆ ಕಳಿಸಬೇಕು. ಮಗನಾದವನು ತಾನೇ ಬಿಸಿನೀರು ಕಾಯಿಸಿ ತಂದೆಯ ಮೈ ತೊಳೆಯಬೇಕು. ನೆರೆಹೊರೆಯ ಭಕ್ತರು ವಾರಕ್ಕೊಂದು ಮಧ್ಯಾಹ್ನ ಹೋಗಿ ಕುಳಿತರೆ ಆ ಮನೆಯಾಕೆ ಆಸ್ಪತ್ರೆಗೆ ಹೋಗಿ ತನ್ನ ಮಾತ್ರೆ ತಂದುಕೊಳ್ಳಬಹುದು. ಲಕ್ಕಮ್ಮನ ಅಳತೆ ಎಂದರೆ ಇದು: ಒಬ್ಬರ ಪಾಲಿಗೆ ಹೆಚ್ಚಾದದ್ದನ್ನು ಎಲ್ಲರ ಪಾಲಿಗೆ ಹಂಚುವುದು. ಶಾಲು ಹೊದಿಸುವ ಸಮಾರಂಭಗಳು ಆಮೇಲೆ ನಡೆಯಲಿ.